ಫಾರಂನಲ್ಲಿ ಎರಡು ಎಣಿಕೆ

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಪರದೆಯ ಮೇಲಿನ ಅಂಕಿಯಿಂದ ನಿದ್ದೆಗೆಟ್ಟು ನನ್ನ ಬಳಿ ಆಪ್ತಸಮಾಲೋಚನೆಗೆ ಬರುವವರು ಹೆಚ್ಚುತ್ತಿರುವುದರಿಂದ ಇದನ್ನು ಬರೆಯಬೇಕೆನಿಸಿತು.

ಆಕೆ ದೂರುಗಳ ದಾಖಲೆ ನೋಡಿಕೊಳ್ಳುವವರು. ದಾಖಲೆಗಳನ್ನು ಟೇಬಲ್‌ಗಳಲ್ಲಿ ಇಡುವ ತಂತ್ರಾಂಶ ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಬಾಕಿ ದೂರುಗಳಿಗೆಂದು ತಾವೇ ಮಾಡಿಕೊಂಡ ಫಾರಂ, ಅಂದರೆ ದಾಖಲೆಗಳನ್ನು ನೋಡುವ ಪರದೆ. ಮೇಲಿನ ಬಾಕ್ಸಿನಲ್ಲಿ ‘ಬಾಕಿ: 312’, ಕೆಳಗಿನ ಪಟ್ಟಿಯಲ್ಲಿ ಒಟ್ಟು 297. ಮೇಲಧಿಕಾರಿ ಎಲ್ಲರೆದುರು, “ಇದರಲ್ಲಿ ಯಾವುದು ಸುಳ್ಳು?” ಎಂದು ಕೇಳಿದ್ದರು. ಅಂದಿನಿಂದ ಊಟದ ಬಿಡುವಿನಲ್ಲೂ ಒಂದೊಂದೇ ದಾಖಲೆ ಎಣಿಸುವುದು, ಕಳಿಸಿದ ಪತ್ರವನ್ನು ಮತ್ತೆ ಮತ್ತೆ ತೆರೆದು ನೋಡುವುದು ಶುರುವಾಗಿತ್ತು.

ಒಂದು ಭೇಟಿಯಲ್ಲಿ ಹಾಳೆ ಕೊಟ್ಟು, ಫಾರಂ ಬರೆದು ತೋರಿಸಿ ಎಂದೆ. ಪ್ರತಿ ಅಂಕಿಯ ಪಕ್ಕ ಅದು ಏನನ್ನು ಎಣಿಸುತ್ತದೆ ಎಂದೂ ಬರೆಯಿರಿ ಎಂದೆ. ಮೇಲಿನದು ಡಿಕೌಂಟ್ ಎಂಬ ಸೂತ್ರ: ಟೇಬಲ್‌ನಲ್ಲಿ ‘ಬಾಕಿ’ ಎಂದಿರುವುದನ್ನೆಲ್ಲ ಎಣಿಸುತ್ತದೆ. ಫಾರಂಗೆ ಹಾಕಿದ ಫಿಲ್ಟರ್ ಅದಕ್ಕೆ ತಟ್ಟುವುದಿಲ್ಲ. ಕೆಳಗಿನದು ಫಿಲ್ಟರ್ ದಾಟಿ ಉಳಿದವು ಮಾತ್ರ. ಬೆಳಿಗ್ಗೆ ಬಂದ ಕೂಡಲೇ ಈ ವರ್ಷದ ದೂರುಗಳಿಗೆ ಫಿಲ್ಟರ್ ಹಾಕಿಕೊಳ್ಳುವುದು ಆಕೆಯ ರೂಢಿ. ಹಳೆಯ 15 ಅಲ್ಲಿ ಕಾಣುತ್ತಲೇ ಇರಲಿಲ್ಲ.

ಪೆನ್ನು ನಿಂತಿತು. “ಹಾಗಾದ್ರೆ ಎರಡೂ ಸರಿಯೇ ಮೇಡಂ.” ಸ್ವಲ್ಪ ಹೊತ್ತು ಬಿಟ್ಟು, “ಇಷ್ಟು ದಿನ ಎಣಿಸುವಾಗೆಲ್ಲ ನನ್ನ ಕಣ್ಮುಂದೆ ಇದ್ದದ್ದು ದೂರುಗಳಲ್ಲ, ಮೇಲಧಿಕಾರಿಯ ಮುಖ,” ಎಂದರು.

ನಾನು ಹೇಳಿದ್ದು ಇಷ್ಟು. ಮೇಲಿನ ಬಾಕ್ಸಿಗೆ ‘ಬಾಕಿ, ಎಲ್ಲ ವರ್ಷ’ ಎಂದು ಬರೆಯಿರಿ. ಫಾರಂನ ತಳಭಾಗವಾದ ಫುಟರ್‌ನಲ್ಲಿ ಕೌಂಟ್ ಸೂತ್ರ ಹಾಕಿ ‘ಈಗ ಕಾಣುತ್ತಿರುವವು’ ಎಂದು ಹೆಸರು ಕೊಡಿ. ಆವರಣದೊಳಗೆ ನಕ್ಷತ್ರ ಚಿಹ್ನೆಯೇ ಇರಲಿ, ಫೀಲ್ಡಿನ ಹೆಸರು ಕೊಟ್ಟರೆ ಆ ಫೀಲ್ಡ್ ಖಾಲಿಯಿರುವ ದಾಖಲೆಗಳು ಬಿಟ್ಟುಹೋಗುತ್ತವೆ. ಹೊಸ ದೂರು ಸೇವ್ ಆಗುವ ತನಕ ಲೆಕ್ಕಕ್ಕೆ ಬರುವುದಿಲ್ಲ, ಗಾಬರಿ ಬೇಡ; ಸೇವ್ ಮಾಡಿ, ಮತ್ತೆ ಲೆಕ್ಕ ಹಾಕಿಸಲು ಎಫ್9 ಒತ್ತಿ. ಕೈಯಿಂದ ಎಣಿಸುವುದು ಇಂದಿಗೆ ಸಾಕು. ಅನುಮಾನ ಬಂದರೆ ಟೇಬಲ್ಲನ್ನೇ ಕೇಳುವ ಒಂದು ಕ್ವೆರಿ, ಅದೂ ಒಂದೇ ಸಲ. ಆಮೇಲೆ ಮೇಲಧಿಕಾರಿಯನ್ನು ಕರೆದು, ಫಿಲ್ಟರ್ ಹಾಕಿ ತೆಗೆದು ತೋರಿಸಿ.

ಇದು ಕಂಪ್ಯೂಟರ್‌ನವರ ಕೆಲಸ, ಉಸಿರಾಟದ ಅಭ್ಯಾಸ ಹೇಳಿಕೊಟ್ಟರೆ ಸಾಕಿತ್ತು ಎಂದರು ನನ್ನ ಸಹೋದ್ಯೋಗಿಯೊಬ್ಬರು. ಅದನ್ನೂ ಹೇಳಿಕೊಟ್ಟಿದ್ದೆ. ಆದರೆ ಗೊಂದಲ ಪರದೆಯ ಮೇಲಿರುವಾಗ ‘ನಿಮ್ಮ ಮನಸ್ಸನ್ನು ಸರಿಮಾಡಿಕೊಳ್ಳಿ’ ಎನ್ನುವುದು ಅನ್ಯಾಯ. ಅದು ಮೇಲಧಿಕಾರಿಯ ಆರೋಪಕ್ಕೆ ನಾವೂ ಸಹಿ ಹಾಕಿದಂತೆ. ಕೈಕೆಳಗಿನವರ ಪರದೆಯಲ್ಲಿ ಎರಡು ಅಂಕಿ ಕಂಡರೆ ದಯವಿಟ್ಟು ಮೊದಲು ‘ಇದು ಯಾವುದರ ಎಣಿಕೆ?’ ಎಂದು ಕೇಳಿ. ಸುಳ್ಳಿನ ಮಾತು ಆಮೇಲೆ.

ಲೇಬಲ್‌ಗಳು ಬದಲಾಗಿವೆ, ಮೇಲಧಿಕಾರಿಗೂ ತೋರಿಸಿದ್ದಾಯಿತು. ಪತ್ರವನ್ನು ಮತ್ತೆ ತೆರೆದು ನೋಡುವ ಅಭ್ಯಾಸ ಇನ್ನೂ ಪೂರ್ತಿ ಬಿಟ್ಟಿಲ್ಲ. ಅದಕ್ಕಾಗಿ ಆಕೆ ಈಗಲೂ ಬರುತ್ತಿದ್ದಾರೆ.