ಏಳು ಸೀಟಿನ ಗಾಡಿಯೋ, ಹ್ಯಾಚ್‌ಬ್ಯಾಕೋ?

ಏಳು ಸೀಟಿನ ಗಾಡಿ ತಗೊಳ್ಳಲೋ, ಹ್ಯಾಚ್‌ಬ್ಯಾಕ್ (ಹಿಂಬಾಗಿಲು ಮೇಲಕ್ಕೆ ತೆರೆಯುವ ಚಿಕ್ಕ ಕಾರು) ತಗೊಳ್ಳಲೋ ಎಂದು ಕೇಳಿದ್ದೀರಿ. ನೆಂಟರು ಬಂದಾಗ ಬೇಕಾಗುವ ಏಳು ಸೀಟನ್ನೂ, ನಾಲ್ಕೇ ಜನರ ಮನೆಗೆ ದಿನಾ ಬೇಕಾಗುವ ಸುಲಭ ಪಾರ್ಕಿಂಗನ್ನೂ ನೀವು ಒಂದೇ ತೂಕದಲ್ಲಿ ಇಟ್ಟಿದ್ದೀರಿ. ಗೊಂದಲದ ಮೂಲ ಬಹುಶಃ ಅದೇ. ಕಳೆದ ವರ್ಷ ಐದಕ್ಕಿಂತ ಜಾಸ್ತಿ ಜನ ಎಷ್ಟು ಸಲ ಒಟ್ಟಿಗೆ ಹೋದಿರಿ, ಮೊದಲು ಬರೆದುಕೊಳ್ಳಿ. ಬೆರಳೆಣಿಕೆಯಷ್ಟಾದರೆ ಆ ದಿನಗಳಿಗೆ ಬಾಡಿಗೆ ಗಾಡಿ ಸಾಕು. ಜಾಸ್ತಿ ಇದ್ದರೆ ಶೋರೂಮಿಗೆ ಎಲ್ಲರನ್ನೂ ಸೂಟ್‌ಕೇಸ್ ಸಮೇತ ಕರೆದುಕೊಂಡು ಹೋಗಿ. ಮೂರನೇ ಸಾಲಿನಲ್ಲಿ ದೊಡ್ಡವರೇ ಕೂತು ನೋಡಲಿ. ಆ ಸಾಲಿನಲ್ಲಿ ಜನ ಕೂತಿರುವಾಗ ಡಿಕ್ಕಿಯಲ್ಲಿ ಎಷ್ಟು ಜಾಗ ಉಳಿಯುತ್ತದೆ? ಚಿಕ್ಕ ಏಳು ಸೀಟರ್‌ಗಳು ಸೋಲುವುದು ಇಲ್ಲೇ. ತೂಕದ ಮಿತಿಯನ್ನೂ ಕೈಪಿಡಿಯಲ್ಲಿ ಓದಿ, ಸುಮ್ನೆ ಬಿಡಬೇಡಿ. ಏಳು ಜನರ ಜೊತೆ ಲಗೇಜೂ ಆ ಮಿತಿಯೊಳಗೇ ಬರಬೇಕು. ಪಾರ್ಕಿಂಗ್ ಅಳತೆ ನೀವು ಹೇಳಿಲ್ಲ. ಬಾಗಿಲು ತೆರೆಯುವ ಜಾಗ ಸೇರಿಸಿ ಅಳೆಯಿರಿ. ಇಕ್ಕಟ್ಟಾದರೆ ಹಿಂದಿನ ಸೀಟು 60:40 ಆಗಿ, ಅಂದರೆ ಎರಡು ಭಾಗವಾಗಿ ಬೇರೆಬೇರೆ ಮಡಚುವ ಹ್ಯಾಚ್‌ಬ್ಯಾಕನ್ನೇ ತಗೊಳ್ಳಿ.