ಪಲ್ಪರ್ ನೀರಿಗೆ ಪೆರಾಕ್ಸೈಡ್ ಸುರಿಯೋ ಮುಂಚೆ ಇದನ್ನೊಂದ್ಸಲ ಓದಿ

ಕೆಮಿಸ್ಟ್ರಿ ಓದಿದೀರಿ, ಕೊಪ್ಪದ ಕಡೆ ಎಸ್ಟೇಟ್‌ನಲ್ಲಿ ಕೆಲ್ಸ, ಕಾಫಿ ಪಲ್ಪರ್ (ಹಣ್ಣಿನ ಸಿಪ್ಪೆ ಬಿಡ್ಸೋ ಮಿಷನ್) ನೀರಿನ ಸಿಓಡಿ (ನೀರಲ್ಲಿರೋ ಕೊಳೆ ಸುಡೋಕೆ ಎಷ್ಟು ಆಕ್ಸಿಜನ್ ಬೇಕು ಅನ್ನೋ ಅಳತೆ) ಇಳಿಸೋ ಜವಾಬ್ದಾರಿ ನಿಮ್ ತಲೆಗೆ ಬಂದಿದೆ, ಎರಡು ಕ್ಯಾನ್ ಹೈಡ್ರೋಜನ್ ಪೆರಾಕ್ಸೈಡ್ ಆಗ್ಲೇ ತರ್ಸಿದೀರಿ, ಇನ್ನು ಫೆರಸ್ ಸಲ್ಫೇಟಾ, ಆಲಮ್ಮಾ (ಸ್ಫಟಿಕ), ಬ್ಲೀಚಿಂಗ್ ಪೌಡರಾ ಅಂತ ಕೇಳ್ತಿದೀರಿ. ಯಾವ್ದೂ ಬೇಡ. ಸುಣ್ಣ, ಆಮೇಲೆ ಬ್ಯಾಕ್ಟೀರಿಯಾಗೆ ಸ್ವಲ್ಪ ಗೊಬ್ಬರ, ಅಷ್ಟು ಬಿಟ್ಟು ಬೇರೇನೂ ತರ್ಸ್‌ಬೇಡಿ. ಇದನ್ನ ನಂಗೆ ಯಾರಾದ್ರೂ ಆವಾಗ ಹೇಳಿದ್ರೆ ನಾನೂ ಕೇಳ್ತಿರ್ಲಿಲ್ಲ ಬಿಡಿ, ಅದಕ್ಕೇ ಪೂರ್ತಿ ಕಥೆ ಬರೀತೀನಿ.

ಶಂಕರಘಟ್ಟದಲ್ಲಿ ಎಂಎಸ್ಸಿ ಮುಗ್ಸಿ ಶಿವಮೊಗ್ಗದಲ್ಲಿ ಖಾಲಿ ಓಡಾಡ್ಕೊಂಡಿದ್ದೆ. ಮಾವನ ಪರಿಚಯದ ಮೇಲೆ ಒಂದು ಎಸ್ಟೇಟ್‌ಗೆ ಸೇರ್ಕೊಂಡೆ, ಹೆಸರು ಬೇಡ. ಅರೇಬಿಕಾ ಕುಯ್ಲು ಜೋರಾದ್ರೆ ಅಲ್ಲಿ ಪಲ್ಪರ್ ರಾತ್ರಿನೂ ಓಡ್ತಿತ್ತು. ಸಿಪ್ಪೆ, ಲೋಳೆ ಎಲ್ಲ ಕೊಚ್ಕೊಂಡು ಬರೋ ನೀರು ಒಂದು ಗುಂಡಿಗೆ, ಗುಂಡಿ ತುಂಬಿದ್ರೆ ಕೆಳಗಿನ ಹಳ್ಳಕ್ಕೆ. ಆ ಹಳ್ಳ ತುಂಗೆಗೆ ಸೇರುತ್ತೆ, ತುಂಗೆ ತೀರ್ಥಹಳ್ಳಿ, ಮಂಡಗದ್ದೆ ದಾಟಿ ಗಾಜನೂರಿಗೆ ಬರುತ್ತೆ, ಅದೇ ತುಂಗೆ ನೀರನ್ನ ಶಿವಮೊಗ್ಗದಲ್ಲಿ ನಮ್ಮಮ್ಮ ಕುಡಿಯೋದು, ಇದು ಆವಾಗ ತಲೆಗೆ ಹೊಳೀಲೂ ಇಲ್ಲ ನೋಡಿ. ಹಳ್ಳದ ಕೆಳಗಿನ ಮನೆಯೋರು ವಾಸನೆ ಅಂತ ಕಂಪ್ಲೇಂಟ್ ಕೊಟ್ರು, ನೋಟಿಸ್ ಬಂತು. ಎಸ್ಟೇಟ್ ಓನರ್ ಗೌಡ್ರು ನನ್ನ ಕರೆದು "ಏನಾದ್ರೂ ಔಷಧಿ ಹಾಕಿ ಸರಿ ಮಾಡಪ್ಪಾ, ಓದಿದೀಯಲ್ಲ" ಅಂದ್ರು ಅಷ್ಟೇ.

ಓದಿದ್ದೇ ತೊಂದ್ರೆ ಆಗಿದ್ದು. ಆ ನೀರಿನ ಪಿಎಚ್ (ಹುಳಿ ಎಷ್ಟಿದೆ ಅನ್ನೋ ಅಳತೆ, 7 ಅಂದ್ರೆ ಸಮ, ಕಮ್ಮಿ ಅಂದ್ರೆ ಹುಳಿ) 4ರ ಆಸುಪಾಸು ಇತ್ತು, ಸಕ್ಕರೆ ಎಲ್ಲ ಹುಳಿ ಬಂದು. ಫೆಂಟನ್ ರಿಯಾಕ್ಷನ್ ಗೊತ್ತಲ್ಲ ನಿಮ್ಗೆ, ಫೆರಸ್ ಸಲ್ಫೇಟ್ ಅನ್ನೋ ಕಬ್ಬಿಣದ ಉಪ್ಪಿನ ಜೊತೆ ಪೆರಾಕ್ಸೈಡ್ ಸೇರಿ ಕೊಳೆನ ಸುಡೋದು, ಅದು ಚೆನ್ನಾಗಿ ನಡಿಯೋದು ಪಿಎಚ್ 3ರ ಹತ್ರ, ಅಂದ್ರೆ ಆಸಿಡ್ ಖರ್ಚೂ ಹೆಚ್ಚು ಇಲ್ಲ, ದೇವ್ರೇ ನಂಗೋಸ್ಕರ ರೆಡಿ ಮಾಡಿಟ್ಟಿದಾನೆ ಅನ್ಕೊಂಡೆ. ನೀವೂ ಇದೇ ಲೆಕ್ಕ ಹಾಕಿರ್ತೀರಿ ಅಂತ ನಂಗೆ ಗ್ಯಾರಂಟಿ. ಗೌಡ್ರಿಗೆ ಹೇಳಿ ಪೆರಾಕ್ಸೈಡು, ಫೆರಸ್ ಸಲ್ಫೇಟು, ಒಂದು ಸಣ್ಣ ಸಿಓಡಿ ಡೈಜೆಸ್ಟರು (ಸ್ಯಾಂಪಲ್ ಟ್ಯೂಬ್ ಕಾಯ್ಸೋ ಮಿಷನ್), ಕೊಳೆನ ಆಕ್ಸಿಡೈಸ್ ಮಾಡೋ ಡೈಕ್ರೋಮೇಟು, ಸಿಲ್ವರ್ ಸಲ್ಫೇಟು, ಎಲ್ಲ ತರ್ಸಿ ಗೋಡೌನಿನ ಮೂಲೇಲಿ ಲ್ಯಾಬ್ ಅಂತ ಒಂದು ಮಾಡ್ಕೊಂಡೆ.

ಮೊದಲ್ನೇ ಸಲ ಫೆರಸ್ ಸಲ್ಫೇಟ್ ಹಾಕಿದ ತಕ್ಷಣ ಡ್ರಮ್ಮಿನ ನೀರು ಕಪ್ಪಾಯ್ತು. ಕಾಫಿ ಸಿಪ್ಪೇಲಿರೋ ಒಗರಿಗೂ ಕಬ್ಬಿಣಕ್ಕೂ ಸೇರಿದ್ರೆ ಹಾಗೇನೇ, ಹಸಿ ಅಡಿಕೆ ಸುಲಿಯೋರ ಕೈ ಕಪ್ಪಾಗೋದೂ ಒಗರಿಂದಲೇ. ಪಲ್ಪರ್ ಲೆಕ್ಕ ಬರಿಯೋ ರೈಟರ್ ಅಣ್ಣ ಬಂದು ಇಣುಕಿ ನೋಡಿ "ಇದಕ್ಕಿಂತ ಮುಂಚೆನೇ ಚೆನ್ನಾಗಿತ್ತಲ್ಲ ಮಾರಾಯ" ಅಂತ ಹೋದ್ರು. ಪೆರಾಕ್ಸೈಡ್ ಹಾಕಿದ್ಮೇಲೆ ಬಣ್ಣ ಸ್ವಲ್ಪ ತಿಳಿಯಾಯ್ತು, ನಾನು ಗೆದ್ದೆ ಅನ್ಕೊಂಡೆ.

ಈಗ ನೋಡಿ ತಪ್ಪು ಎಲ್ಲಾಯ್ತು ಅಂತ, ಇದನ್ನ ನಿಧಾನವಾಗಿ ಓದಿ. ಸಿಓಡಿ ಟೆಸ್ಟ್‌ನಲ್ಲಿ ನಾವು ಅಳೆಯೋದು ಕೊಳೆನ ಅಲ್ಲ, ಸ್ಯಾಂಪಲ್ ಎಷ್ಟು ಡೈಕ್ರೋಮೇಟ್ ತಿನ್ನುತ್ತೆ ಅನ್ನೋದನ್ನ. 150 ಡಿಗ್ರೀಲಿ ಎರಡು ಗಂಟೆ ಕಾಯ್ಸಿ, ಉಳಿದ ಡೈಕ್ರೋಮೇಟನ್ನ ಫೆರಸ್ ಅಮೋನಿಯಂ ಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ (ಬ್ಯುರೆಟ್ ಅನ್ನೋ ಗಾಜಿನ ಕೊಳವೆಯಿಂದ ಹನಿ ಹನಿ ಬಿಟ್ಟು ಅಳೆದು), ಹಸಿರು ಹೋಗಿ ಕೆಂಪು ಕಂದು ಬಂದ್ರೆ ಮುಗೀತು. ತಿಂದಿದ್ದು ಕಾಫಿ ಸಕ್ಕರೆನಾ ಬೇರೆ ಏನಾದ್ರೂನಾ ಅಂತ ಆ ಬ್ಯುರೆಟ್‌ಗೆ ಗೊತ್ತಾಗಲ್ಲ. ಪೆರಾಕ್ಸೈಡ್ ಆಕ್ಸಿಡೈಸರ್ ಅಂತಾನೇ ನಮ್ಗೆಲ್ಲ ಪಾಠ ಮಾಡಿರೋದು, ಆದ್ರೆ ಡೈಕ್ರೋಮೇಟ್ ಎದ್ರಿಗೆ ಅದು ಉಲ್ಟಾ, ತಾನೇ ಆಕ್ಸಿಡೈಸ್ ಆಗಿ ಆಕ್ಸಿಜನ್ ಬಿಟ್ಟು ಹೋಗುತ್ತೆ. ಅಂದ್ರೆ ನೀರಲ್ಲಿ ಉಳಿದ ಪೆರಾಕ್ಸೈಡೇ ಸಿಓಡಿ ಅಂತ ಲೆಕ್ಕಕ್ಕೆ ಬರುತ್ತೆ. 1 ಮಿಲಿಗ್ರಾಂ ಪೆರಾಕ್ಸೈಡ್ ಸುಮಾರು 0.47 ಮಿಲಿಗ್ರಾಂ ಸಿಓಡಿ ಆಗಿ ಕಾಣುತ್ತೆ. ಸಾವಿರ ಲೀಟರ್ ನೀರಿಗೆ 30% ಪೆರಾಕ್ಸೈಡ್ ಒಂದೇ ಒಂದು ಲೀಟರ್ ಹಾಕಿ, ಅದು ರಿಯಾಕ್ಟ್ ಆಗ್ದೆ ಉಳ್ಕೊಂಡ್ರೆ ಲೀಟರಿಗೆ ಸುಮಾರು 155 ಮಿಲಿಗ್ರಾಂ ಸಿಓಡಿ ಸುಮ್ನೆ ಸೇರ್ಕೊಳುತ್ತೆ. ನದಿಗೆ ಬಿಡೋಕೆ ಇರೋ ಸಾಮಾನ್ಯ ಲಿಮಿಟ್ಟೇ 250. ಬಾವಿ ನೀರಿಗೆ ಪೆರಾಕ್ಸೈಡ್ ಹಾಕಿ ಟೆಸ್ಟ್ ಮಾಡಿದ್ರೂ ಸಿಓಡಿ ಬರುತ್ತೆ ಕಣ್ರೀ! ಆ ಬಾವಿ ನೀರಿನ ಟೆಸ್ಟ್ ಮೊದಲ್ನೇ ದಿನಾನೇ ಮಾಡಿದ್ರೆ ಈ ಉತ್ತರ ಬರೆಯೋ ಗತಿ ಇರ್ತಿರ್ಲಿಲ್ಲ.

ನಾನು ಮಾಡಿದ್ದೇನು? ಟ್ರೀಟ್ ಮಾಡಿದ ನೀರಿನ ಸಿಓಡಿ ಅನ್ಕೊಂಡಷ್ಟು ಇಳೀಲಿಲ್ಲ, ಹಾಗಾದ್ರೆ ಡೋಸ್ ಸಾಲ್ದು ಅಂತ ಇನ್ನಷ್ಟು ಪೆರಾಕ್ಸೈಡ್ ಹಾಕ್ದೆ, ಈಗ ಇನ್ನೂ ಜಾಸ್ತಿ ತೋರಿಸ್ತು, ಮತ್ತೆ ಹಾಕ್ದೆ. ನಾನೇ ಹಾಕಿದ್ದನ್ನ ನಾನೇ ಕೊಳೆ ಅಂತ ಅಳೆದು ಅದಕ್ಕೆ ಮತ್ತೆ ಅದೇ ಮದ್ದು ಸುರಿಯೋದು. ಕಣ್ಣೆದ್ರಿಗೇ ಸುಳಿವು ಇತ್ತು. ಡೈಜೆಸ್ಟರ್ ಟ್ಯೂಬಿಗೆ ಸ್ಯಾಂಪಲ್ಲು, ಡೈಕ್ರೋಮೇಟು, ಆಸಿಡ್ ಹಾಕಿದ ಕೂಡ್ಲೇ, ಇನ್ನೂ ಹೀಟರ್‌ಗೆ ಇಡೋ ಮುಂಚೆನೇ ನೀಲಿ ಒಂದು ಮಿಂಚಿ ಹಸಿರಾಗ್ತಿತ್ತು, ಅದು ಪೆರಾಕ್ಸೈಡ್ ಡೈಕ್ರೋಮೇಟ್ ತಿಂತಿರೋ ಗುರುತು, ನಾನು ಸ್ಯಾಂಪಲ್ ತುಂಬ ಸ್ಟ್ರಾಂಗ್ ಇದೆ ಅಂತ ಡೈಲ್ಯೂಟ್ ಮಾಡ್ತಾ ಕೂತೆ. ಶಿವಮೊಗ್ಗದ ಒಂದು ಲ್ಯಾಬ್‌ಗೆ ಅಂತ ಬಸ್ಸಲ್ಲಿ ತಗೊಂಡ್ ಹೋದ ಸ್ಯಾಂಪಲ್ ಬಾಟ್ಲು ತೀರ್ಥಹಳ್ಳಿ ದಾಟೋ ಹೊತ್ತಿಗೆ ಉಬ್ಬಿ, ಮುಚ್ಚಳ ಸಡ್ಲ ಮಾಡಿದ್ರೆ ಬುಸ್ ಅಂತು, ಅದನ್ನ ಹುಳಿ ಬರ್ತಿದೆ ಅನ್ಕೊಂಡೆ. ಅದು ಪೆರಾಕ್ಸೈಡ್ ಒಡೆದು ಬಂದ ಆಕ್ಸಿಜನ್ನು. ಕೊನೆಗೆ ಆ ಲ್ಯಾಬ್‌ನಲ್ಲಿದ್ದ ಹಿರಿಯರೊಬ್ರು ಬಾಟ್ಲು ಕೈಲಿ ಹಿಡ್ಕೊಂಡು ಕೇಳಿದ್ದು ಒಂದೇ ಮಾತು, "ಪೆರಾಕ್ಸೈಡ್ ಉಳಿದಿದ್ಯಾ ನೋಡಿದ್ಯೇನೋ?" ನೋಡಿರ್ಲಿಲ್ಲ. ಅಷ್ಟೊತ್ತಿಗೆ ಕುಯ್ಲೂ ಮುಗೀತಾ ಬಂದಿತ್ತು, ಗೌಡ್ರ ದುಡ್ಡೂ ಹೋಗಿತ್ತು, ನನ್ ಮೇಲಿದ್ದ ನಂಬಿಕೆನೂ ಹೋಗಿತ್ತು. ಮುಂದಿನ ವರ್ಷಕ್ಕೆ ಬರೋದು ಬೇಡ ಅಂದ್ರು, ತಪ್ಪೇನಿಲ್ಲ ಅವ್ರದ್ದು.

ನೀವು "ಹಾಗಾದ್ರೆ ಉಳಿದ ಪೆರಾಕ್ಸೈಡ್ ತೆಗೆದು ಟೆಸ್ಟ್ ಮಾಡ್ತೀನಿ" ಅಂತೀರಿ. ಮಾಡ್ಬಹುದು, ಪಿಎಚ್ ಏರಿಸಿ ಕಬ್ಬಿಣ ಕೆಳಗೆ ಕೂರಿಸಿ ಸೋಸಿ, ಪೆರಾಕ್ಸೈಡ್ ಸ್ಟ್ರಿಪ್ಪಲ್ಲಿ ನೋಡ್ಕೊಂಡು ಮಾಡ್ಬಹುದು. (ಅಯೋಡೈಡ್ ಪಿಷ್ಟ ಹಾಕಿ ನೋಡ್ತೀನಿ ಅಂದ್ರೆ ಹುಷಾರು, ಫೆರಿಕ್ ಅಂದ್ರೆ ಆಕ್ಸಿಡೈಸ್ ಆದ ಕಬ್ಬಿಣ ಇದ್ರೂ ನೀಲಿ ಬರುತ್ತೆ.) ಆದ್ರೆ ಟೆಸ್ಟ್ ಸರಿ ಮಾಡ್ಕೊಂಡ್ರೂ ಲೆಕ್ಕ ಹುಟ್ಟಲ್ಲ. ನಿಮ್ಮ ನೀರಿನ ಸಿಓಡಿ 5000 ಅಂತಾನೇ ಇಟ್ಕೊಳಿ, ಪಲ್ಪರ್ ನೀರಿಗೆ ಅದೇನು ದೊಡ್ಡದಲ್ಲ. ಅಷ್ಟನ್ನೂ ಪೆರಾಕ್ಸೈಡಿಂದಲೇ ಸುಡ್ಬೇಕು ಅಂದ್ರೆ ಪೇಪರ್ ಲೆಕ್ಕದಲ್ಲೇ ಸಾವಿರ ಲೀಟರಿಗೆ 30% ಪೆರಾಕ್ಸೈಡ್ 30 ಲೀಟರ್ ಮೇಲೆ ಬೇಕು. ನಿಮ್ಮ ಎರಡು ಕ್ಯಾನ್ ಒಂದೆರಡು ಸಿಂಟೆಕ್ಸ್ ಟ್ಯಾಂಕ್ ನೀರಿಗೇ ಖಾಲಿ. ಕಾಫಿ ಮಾರಿದ್ ದುಡ್ಡು ಇದಕ್ಕೇ ಹೋಗುತ್ತೆ.

ಆಲಮ್ಮು ತೇಲೋ ಕೊಳೆನ ಕೂರಿಸುತ್ತೆ, ಕರಗಿರೋ ಸಕ್ಕರೆಗೆ ಏನೂ ಮಾಡಲ್ಲ, ಪಿಎಚ್ 4ರಲ್ಲಂತೂ ಗಸಿನೇ ಸರಿಯಾಗಿ ಕಟ್ಟಲ್ಲ. ಬ್ಲೀಚಿಂಗ್ ಪೌಡರ್ ಹಾಕಿದ್ರೆ ಬಿಓಡಿ (ಕೊಳೆ ತಿನ್ನೋಕೆ ಬ್ಯಾಕ್ಟೀರಿಯಾಗೆ ಬೇಕಾಗೋ ಆಕ್ಸಿಜನ್ ಅಳತೆ) ಇಳಿಯುತ್ತೆ ಅಂತ ನಿಮಗೆ ಯಾರಾದ್ರೂ ಹೇಳಿದ್ರೆ ಅದು ಅರ್ಧ ನಿಜ. ಟೆಸ್ಟ್ ಬಾಟ್ಲಲ್ಲಿರೋ ಬ್ಯಾಕ್ಟೀರಿಯಾ ಸತ್ರೆ ಆಕ್ಸಿಜನ್ ಯಾರು ಉಸಿರಾಡ್ತಾರೆ, 27 ಡಿಗ್ರೀಲಿ ಮೂರು ದಿನ ಇಟ್ರೂ ರೀಡಿಂಗ್ ಕಮ್ಮಿನೇ ಬರುತ್ತೆ. ಆದ್ರೆ ಸರಿಯಾದ ಲ್ಯಾಬ್‌ನೋರು ಸೋಡಿಯಂ ಸಲ್ಫೈಟ್ ಹಾಕಿ ಕ್ಲೋರಿನ್ ಕೊಂದು, ಬೇರೆ ಬ್ಯಾಕ್ಟೀರಿಯಾ ಸೇರಿಸಿ ಟೆಸ್ಟ್ ಮಾಡ್ತಾರೆ, ಸಿಕ್ಕಾಕ್ಕೊಳ್ತೀರಿ. ಹಳ್ಳದಲ್ಲಿ ಮೀನು ಸಾಯೋದು ಬೇರೆ.

ಸಕ್ಕರೆ ನೀರು ಅಂದ್ರೆ ಬ್ಯಾಕ್ಟೀರಿಯಾಗೆ ಹಬ್ಬದೂಟ, ಆ ಕೆಲ್ಸ ಅವಕ್ಕೇ ಬಿಡಿ. ನಿಮ್ಮ ಕೆಲ್ಸ ಪಿಎಚ್ ನೋಡ್ಕೊಳೋದು ಅಷ್ಟೇ. ಸುಣ್ಣನ ನೀರಲ್ಲಿ ಕಲಸಿ ಹಾಲು ಮಾಡಿ ನಿಧಾನಕ್ಕೆ ಬಿಡಿ, 7ರ ಹತ್ರ ನಿಲ್ಸಿ, ಪುಡಿನ ಬುಟ್ಟೀಲಿ ಎತ್ತಿ ಸುರೀಬೇಡಿ, ಒಂದ್ಕಡೆ 12 ಇನ್ನೊಂದ್ಕಡೆ 4 ಆಗಿ ಕೂರುತ್ತೆ. ಮತ್ತೆ ಒಂದು ಸಲ ಹಾಕಿದ್ರೆ ಮುಗೀತು ಅಲ್ಲ, ರಾತ್ರಿ ಕಳೆಯೋದ್ರಲ್ಲಿ ಸಕ್ಕರೆ ಮತ್ತೆ ಹುಳಿಯಾಗಿ ಪಿಎಚ್ ಜಾರುತ್ತೆ, ಬೆಳಿಗ್ಗೆ ಎದ್ದು ಮತ್ತೆ ನೋಡ್ಬೇಕು. 6.5ರ ಕೆಳಗೆ ಇಳಿದ್ರೆ ಗ್ಯಾಸ್ ಮಾಡೋ ಬ್ಯಾಕ್ಟೀರಿಯಾ ಮುಷ್ಕರ ಹೂಡ್ತವೆ, ಹುಳಿ ಮಾಡೋವು ಮಾತ್ರ ಕೆಲ್ಸ ಮಾಡ್ತಿರ್ತವೆ, ಆ ಗಬ್ಬು ವಾಸನೆ ಬರೋದು ಅದಕ್ಕೇ. ಗ್ಯಾಸ್ ಮಾಡೋವಕ್ಕೆ ಅಂತ ಶೀಟ್ ಹಾಸಿದ ಆಳದ ಹೊಂಡ ಒಂದು, ಅದಕ್ಕೆ ಶುರುವಲ್ಲಿ ಸೆಗಣಿ ಗೊಬ್ಬರದ ಬಗ್ಗಡ, ಆಮೇಲೆ ಗಾಳಿ ಆಡ್ಸೋ ಇನ್ನೊಂದು ಹೊಂಡ. ಗಾಳಿ ಹೊಂಡಕ್ಕೆ ಸ್ವಲ್ಪ ಯೂರಿಯಾ, ಡಿಎಪಿ ಬೇಕಾಗುತ್ತೆ, ಈ ನೀರಲ್ಲಿ ಸಾರಜನಕ ಕಮ್ಮಿ, ಬಿಓಡಿ 100 ಇದ್ರೆ ಸಾರಜನಕ 5, ರಂಜಕ 1 ಅನ್ನೋದು ಲೆಕ್ಕ. ಹೊಂಡದ ಅಳತೆ ನೀವೇ ಊಹೆ ಮಾಡ್ಬೇಡಿ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ನಿಮ್ಗೆ ದೂರ ಏನಿಲ್ಲ, ಅಲ್ಲಿ ಹೋಗಿ ಕೇಳಿ. ಇದೆಲ್ಲಕ್ಕಿಂತ ಮುಂಚೆ ಪಲ್ಪರ್‌ಗೆ ಬಿಡೋ ನೀರು ಕಮ್ಮಿ ಮಾಡಿ, ಸಿಪ್ಪೆ ಹೊರೋಕೆ ಹೊಸ ನೀರು ಯಾಕ್ರೀ, ಅದೇ ನೀರನ್ನ ಸುತ್ತಿಸಿ.

ಆ ಸಿಓಡಿ ಲ್ಯಾಬ್ ಕನಸಿದ್ರೆ ಅದನ್ನೂ ಬಿಡಿ. ಟೆಸ್ಟ್ ಮುಗಿದ ಟ್ಯೂಬಲ್ಲಿ ಕ್ರೋಮಿಯಂ, ಬೆಳ್ಳಿ, ಪಾದರಸ ಮೂರೂ ಇರುತ್ತೆ. ನಾನು ಅದನ್ನ ಕ್ಯಾನಲ್ಲಿ ಹಿಡಿದಿಟ್ಟು ಲ್ಯಾಬ್‌ಗೆ ಒಪ್ಪಿಸೋಕೆ ಕೈ ಕಾಲು ಹಿಡೀಬೇಕಾಯ್ತು, ತೋಟದ ಮೂಲೇಲಿ ಚೆಲ್ಲಿ ಬಿಡು ಅಂದೋರೇ ಎಲ್ಲ. ಪಿಎಚ್ ಪೇಪರ್ ನಿಮ್ ಹತ್ರ ಇರ್ಲಿ, ಸಿಓಡಿ ಬಿಓಡಿ ಎನ್‌ಎಬಿಎಲ್ (ಟೆಸ್ಟಿಂಗ್ ಲ್ಯಾಬ್‌ಗಳಿಗೆ ಕೊಡೋ ಮಾನ್ಯತೆ) ಇರೋ ಲ್ಯಾಬ್‌ಗೆ ಐಸ್ ಡಬ್ಬೀಲಿ ಕಳ್ಸಿ.

ಇನ್ನು ಆ ಎರಡು ಕ್ಯಾನ್. ಸೀಲ್ ಒಡೆದಿಲ್ಲ ಅಂದ್ರೆ ಡೀಲರ್‌ಗೆ ವಾಪಸ್ ಕೊಡಿ, ನಷ್ಟಕ್ಕಾದ್ರೂ ಸರಿ. ಒಡೆದಿದ್ರೆ ಗಾಳಿ ಹೋಗೋ ತೂತಿನ ಮುಚ್ಚಳಾನೇ ಇರ್ಲಿ, ಬಿಗಿ ಮುಚ್ಚಳ ಹಾಕ್ಬೇಡಿ, ಫೆರಸ್ ಸಲ್ಫೇಟ್ ಮೂಟೆ ಪಕ್ಕ ಇಡ್ಬೇಡಿ, ಗೋಣಿಚೀಲ, ಕಾಫಿ ಹೊಟ್ಟಿನ ಮೇಲೂ ಇಡ್ಬೇಡಿ. ಬಗ್ಗಿಸಿ ತೆಗೆದಿದ್ದು ಉಳಿದ್ರೆ ಮತ್ತೆ ಅದೇ ಕ್ಯಾನಿಗೆ ಸುರೀಬೇಡಿ, ಒಂಚೂರು ತುಕ್ಕು ಬಿದ್ರೂ ಒಳಗೆ ಒಡಿಯೋಕೆ ಶುರುವಾಗುತ್ತೆ.