ಜಾಕಿ ಬ್ರೆನ್‌ಸ್ಟನ್ ಯಾರು? ಮೊದಲ ರಾಕ್ ಅಂಡ್ ರೋಲ್ ಹಾಡು ಅವರದ್ದೇನಾ?

ಹಾಗೆ ಹೇಳುವವರು ತುಂಬಾ ಜನ ಇದ್ದಾರೆ, ಆದರೆ ವಾದ ಇನ್ನೂ ಮುಗಿದಿಲ್ಲ. ಜಾಕಿ ಅಮೆರಿಕದ ಮಿಸಿಸಿಪ್ಪಿ ರಾಜ್ಯದ ಕ್ಲಾರ್ಕ್ಸ್‌ಡೇಲ್ ಊರಿನವರು. ಸಂಗೀತಗಾರ ಐಕ್ ಟರ್ನರ್ ಅವರ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದರು. 1951ರ ಮಾರ್ಚ್‌ನಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಸ್ಟುಡಿಯೋದಲ್ಲಿ ‘ರಾಕೆಟ್ 88’ ಹಾಡಿದರು. ಓಲ್ಡ್ಸ್‌ಮೊಬೈಲ್ ಕಾರಿನ ಬಗ್ಗೆ ಇರುವ ಹಾಡು ಅದು. ಬರುವ ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಕೆಟ್ಟಿತ್ತು. ಒಳಗೆ ಕಾಗದ ತುರುಕಿ ಹಾಗೇ ನುಡಿಸಿದರು. ಆ ಗೊರಗೊರ ಸದ್ದೇ ಹಾಡಿನ ಜೀವ ಅಂತ ನನಗನ್ನಿಸುತ್ತದೆ!

ಚೆಸ್ ಎಂಬ ರೆಕಾರ್ಡ್ ಕಂಪನಿ ತಂದ ಈ ಹಾಡು ಆರ್ ಅಂಡ್ ಬಿ (ರಿದಮ್ ಅಂಡ್ ಬ್ಲೂಸ್) ಹಾಡುಗಳ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ತಂಡ ಐಕ್ ಅವರದ್ದು, ರೆಕಾರ್ಡಿನ ಲೇಬಲ್ ಮೇಲಿನ ಹೆಸರು ಮಾತ್ರ ಜಾಕಿಯದ್ದು. ಐಕ್‌ಗೆ ಸಿಟ್ಟು ಬರದೆ ಇರುತ್ತದಾ? ಮುಂದೆ ಜಾಕಿಗೆ ಅಂಥ ಗೆಲುವು ಸಿಗಲಿಲ್ಲ. ಐಕ್ ತಂಡಕ್ಕೇ ಮರಳಿ ಸ್ಯಾಕ್ಸೊಫೋನ್ ಹಿಡಿದರು. ಕುಡಿತವೂ ಅಂಟಿತ್ತು. ಆಮೇಲೆ ಲಾರಿ ಓಡಿಸಿದರು. 1979ರಲ್ಲಿ ಮೆಂಫಿಸ್‌ನಲ್ಲಿ ತೀರಿಕೊಂಡರು.